ಸಹಿ ತಾಳೆಯಾಗುತ್ತಿಲ್ಲ

ಮಕ್ಕಳೇ, ನನ್ನ ಅರ್ಧ ಆಯುಷ್ಯ ಕಳೆದದ್ದು ಬ್ಯಾಂಕಿನಲ್ಲಿ ಬೇರೆಯವರ ಸಹಿ ನೋಡುವುದರಲ್ಲಿ. ಚೆಕ್ಕಿನ ಸಹಿ ನಮ್ಮಲ್ಲಿದ್ದ ಮಾದರಿಗೆ ತಾಳೆಯಾಗದಿದ್ದರೆ ‘ಸಹಿಯಲ್ಲಿ ವ್ಯತ್ಯಾಸ’ ಎಂದು ಬರೆದು ತಿರುಗಿ ಕಳಿಸುತ್ತಿದ್ದೆ. ಹೋದ ವರ್ಷ ನನ್ನ ಚೆಕ್ಕೇ ತಿರುಗಿ ಬಂತು! ಲಕ್ವಾ ಹೊಡೆದು ಬಲಗೈ ಸೋತಿತ್ತು. ಹೆಸರಿನ ಮೊದಲಕ್ಷರ ಎರೆಹುಳದ ಹಾಗೆ ಬಿದ್ದಿತ್ತು. “ಹೆಬ್ಬೆಟ್ಟು ಒತ್ರಿ ಕಾಕಾ” ಅಂದ ಕೌಂಟರಿನ ಹುಡುಗ. ಅವನದು ತಪ್ಪಲ್ಲ. ಸಹಿ ಮಾಡಲಾಗದ ರೋಗಿಯ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಎದುರು ಒಪ್ಪಬಹುದೆಂದು ನಿಯಮವೇ ಇದೆ. ಆದರೂ ಅಂದು ನನಗೆ ಊಟ ಸೇರಲಿಲ್ಲ.

ಬಲಗೈಗೆ ಅಪ್ಪಣೆ ಕೊಡುವುದು ಮಿದುಳಿನ ಎಡಭಾಗ. ಅಲ್ಲಿ ರಕ್ತದ ಹರಿವು ನಿಂತರೆ ಕೈ ಮಾತು ಕೇಳುವುದಿಲ್ಲ. ಒಂದೇ ಚಲನೆಯನ್ನು ನೂರಾರು ಸಲ ಮಾಡಿದರೆ ಮಿದುಳಿನ ಉಳಿದ ಭಾಗ ಆ ಕೆಲಸವನ್ನು ಕಲಿಯಬಲ್ಲದು ಎಂದರು ಡಾಕ್ಟರು. ಆದರೆ ವ್ಯಾಯಾಮ ಮಾಡಿಸಲು ಮಿರಜಕ್ಕೇ ಹೋಗಬೇಕು. ಕೃಷ್ಣೆಗೆ ಮಹಾಪೂರ ಬಂದರೆ ನಮ್ಮ ಜುಗೂಳದಿಂದ ಹೊರಬೀಳುವುದೇ ಕಷ್ಟ.

ಆಗ ಮೊಮ್ಮಗಳು ಒಂದು ಹಳೆಯ ಸುದ್ದಿ ಹುಡುಕಿ ಓದಿದಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ಅವೀಕ್ ಬಿದ್ ಅವರ ತಂಡ ಇಂಥ ರೋಗಿಗಳಿಗಾಗಿಯೇ ಒಂದು ಕೈಗವಸು ಮಾಡಿದೆ. ತ್ರೀಡಿ ಮುದ್ರಣದಿಂದ ತಯಾರಾದ ಮೆತ್ತನೆಯ ಗವಸು ಅದು. ಬೆರಳು ಮಡಚಿದಾಗ ಅದರಲ್ಲಿ ಹಾಯುವ ಬೆಳಕು ಬದಲಾಗುತ್ತದೆ. ಅದರಿಂದ ಬೆರಳು ಎಷ್ಟು ಮಡಚಿತೆಂಬ ಲೆಕ್ಕ ಸಿಗುತ್ತದೆ. ಡಾಕ್ಟರು ದೂರದಲ್ಲಿದ್ದೇ ಅದನ್ನು ನೋಡಿ ಸಲಹೆ ಕೊಡಬಹುದು. ಬೆಲೆ 1000 ರೂಪಾಯಿಯೊಳಗೇ ಆದೀತೆಂದು 2022ರಲ್ಲಿ ಆ ತಂಡ ಅಂದಾಜಿಸಿತ್ತು.

“ಅಜ್ಜಾ, ಆ ಗವಸು ನಮ್ಮೂರಿಗಿ ಬರೂಮಟಾ ಲೆಕ್ಕಾ ನಾ ಇಡ್ತೀನಿ” ಅಂದಳು. ಕಣಕ ಹಿಸುಕುವುದು, ಹೆಬ್ಬೆರಳಿಗೆ ಒಂದೊಂದೇ ಬೆರಳು ಮುಟ್ಟಿಸುವುದು, ಜೋಳದ ಕಾಳು ಎತ್ತಿ ಬಟ್ಟಲಿಗೆ ಹಾಕುವುದು. ನನ್ನ ಹಳೆಯ ಪಾಸ್‌ಬುಕ್ಕೇ ಅವಳ ಖಾತೆ ಪುಸ್ತಕ. ಬಟ್ಟಲಿಗೆ ಬಿದ್ದದ್ದು ಜಮಾ, ಕೆಳಗೆ ಬಿದ್ದದ್ದು ಖರ್ಚು. ಮೊದಲ ದಿನದ ಶಿಲ್ಕು 4 ಕಾಳು, ಈಗ 60. ಒಂದು ಕಾಳಿನಷ್ಟೂ ರಿಯಾಯಿತಿ ಇಲ್ಲ!

ಹೋದ ವಾರ ಬ್ಯಾಂಕಿಗೆ ಹೋಗಿ ಹೊಸ ಮಾದರಿ ಸಹಿ ಕೊಟ್ಟು ಬಂದೆ. ಸೊಟ್ಟಗಿದೆ, ಆದರೆ ನನ್ನದೇ.

ಮನೆಯಲ್ಲಿ ಯಾರದಾದರೂ ಬಾಯಿ ಒಮ್ಮೆಲೇ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕೂಡಲೇ ದೊಡ್ಡವರನ್ನು ಕೂಗಿ, ಆಸ್ಪತ್ರೆಗೆ ಹೊರಡಿಸಿರಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೇ ಕೊಡಬೇಕು. ಆಮೇಲೆ, ಕೈ ಸೋತ ಅಜ್ಜನಿಗೆ ತುತ್ತು ಮಾಡಿ ಉಣಿಸುವ ಅವಸರ ಬೇಡ. ಪಕ್ಕದಲ್ಲಿ ಕುಳಿತು ಲೆಕ್ಕ ಇಡಿರಿ.