ಬಿಸಿನೀರಿನ ಕೆರೆ

ಕೆರೆಯೆಂದೊಡನೆ ನಮಗೆ ತಣ್ಣೀರಿನ ನೆನಪಾಗುವುದು ಸಹಜ. ಆದರೆ ಹಂಗೇರಿ ದೇಶದಲ್ಲಿ, ಬಾಲಟೊನ್ ಎಂಬ ಮಹಾಸರೋವರದ ಪಶ್ಚಿಮದ ತುದಿಗೆ ಸಮೀಪವಾಗಿ, ಸುಮಾರು ಹನ್ನೊಂದು ಎಕರೆ ವಿಸ್ತಾರದ ಬಿಸಿನೀರಿನ ಕೆರೆಯೊಂದಿದೆ. ಅದರ ದಡದ ಪಟ್ಟಣಕ್ಕೆ ಹೇವೀಜ್ ಎಂದು ಹೆಸರು. ಆ ನಾಡಿನ ಭಾಷೆಯಲ್ಲಿ ಅದಕ್ಕೆ ಬಿಸಿನೀರೆಂದೇ ಅರ್ಥ.

ಈ ಸ್ಥಳವು ಬಹು ಪ್ರಾಚೀನವಾದುದು. ರೋಮನರು ಇಲ್ಲಿ ವಾಸವಾಗಿದ್ದುದಕ್ಕೆ ಕುರುಹಾಗಿ ಅವರ ಕಟ್ಟಡಗಳ ಅವಶೇಷಗಳು ದೊರೆತಿವೆ. ಊರಿನ ಎಗ್ರೆದಿ ಭಾಗದಲ್ಲಿ ೧೩ನೆಯ ಶತಮಾನದ ಚಿಕ್ಕ ದೇವಾಲಯವೊಂದು ಇಂದಿಗೂ ನಿಂತಿದೆ. ೧೮ನೆಯ ಶತಮಾನದ ಕೊನೆಯಲ್ಲಿ ಜಾರ್ಜ್ ಫೆಷ್ಟೆತಿಚ್ ಎಂಬ ಜಮೀನುದಾರನು ಸ್ನಾನಗೃಹಗಳನ್ನು ಕಟ್ಟಿಸಿದನು. ಅಂದಿನಿಂದ ಸಂಧಿವಾತದಿಂದ ನರಳುವವರು ಇಲ್ಲಿಗೆ ಬರುತ್ತಲೇ ಇದ್ದಾರೆ. ಕೆರೆಯು ಆಳವಾದುದರಿಂದ ಅವರು ಗಾಳಿ ತುಂಬಿದ ಬಳೆಗಳನ್ನು ಹಿಡಿದು ನೀರಿನಲ್ಲಿ ತೇಲುತ್ತಿರುವರು. ಬೇಸಗೆಯಲ್ಲಿ ನೀರಿನ ಶಾಖವು ೩೫ ಡಿಗ್ರಿಯನ್ನು ಮೀರುವುದುಂಟು. ಹೊರಗೆ ಹಿಮ ಬೀಳುತ್ತಿರುವಾಗಲೂ ಸ್ನಾನಕ್ಕೆ ಅಡ್ಡಿಯಿಲ್ಲ.

ಕೆರೆಯ ಸುತ್ತಲೂ ಕಾಡು, ಕಾಡಿನಲ್ಲಿ ನಡೆದಾಡುವ ಹಾದಿಗಳು. ಈ ಮರಗಳು ಬರಿಯ ಅಲಂಕಾರಕ್ಕಲ್ಲ. ತಣ್ಣನೆಯ ಗಾಳಿಯನ್ನು ತಡೆದು ನೀರಿನ ಬಿಸಿಯನ್ನು ಕಾಪಾಡುತ್ತವೆ. ನೀರಿನ ಮೇಲೆ ಅರಳಿರುವ ಕೆಂಪು ನೈದಿಲೆಗಳನ್ನು ಕಂಡರೆ ನಮ್ಮವರಿಗೆ ಪರಿಚಿತರನ್ನು ಕಂಡಂತಾಗುವುದು. ಅವು ಭಾರತದ ಜಾತಿಯವು. ಶಾಂಡೋರ್ ಲೊವಾಶಿ ಎಂಬ ಪ್ರಾಧ್ಯಾಪಕರು ೧೯ನೆಯ ಶತಮಾನದ ಕೊನೆಯಲ್ಲಿ ಇಲ್ಲಿ ನೆಟ್ಟು ಬೆಳೆಸಿದರು.

೧೯೭೫ರಲ್ಲಿ ಮುಳುಗುಗಾರರು ಸುಮಾರು ೧೨೫ ಅಡಿ ಆಳದಲ್ಲಿ ಒಂದು ಗುಹೆಯನ್ನು ಕಂಡರು. ಅದರೊಳಗೆ ಬಿಸಿ ಊಟೆಗಳೂ ತಣ್ಣನೆಯ ಊಟೆಗಳೂ ಉಕ್ಕಿ, ಬೆರೆತು ಮೇಲಕ್ಕೇರುತ್ತವೆ. ಕೆಲವೇ ದಿನಗಳಲ್ಲಿ ಕೆರೆಯ ನೀರೆಲ್ಲವೂ ಹೊಸದಾಗುವುದು.

ಇಂತಹ ಊಟೆಗೂ ಒಮ್ಮೆ ಗಂಡಾಂತರ ಒದಗಿತು. ದೂರದ ನ್ಯಿರಾದ್ ಎಂಬಲ್ಲಿ ಅಲ್ಯೂಮಿನಿಯಮ್ಮಿನ ಅದಿರನ್ನು ಅಗೆಯುವುದಕ್ಕಾಗಿ ನೆಲದೊಳಗಣ ನೀರನ್ನು ವರ್ಷಗಟ್ಟಲೆ ಯಂತ್ರಗಳಿಂದ ಹೊರಚೆಲ್ಲಿದರು. ಎರಡು ಸ್ಥಳಗಳ ಸುಣ್ಣಕಲ್ಲಿನ ಪದರದಲ್ಲಿ ನೀರು ಒಂದಕ್ಕೊಂದು ಕೂಡಿಕೊಂಡಿದ್ದುದರಿಂದ ಹೇವೀಜಿನ ಊಟೆ ಸೊರಗಿತು. ಕೆರೆಯೇ ಕೆಡುವುದೆಂಬ ಭಯ ಹುಟ್ಟಿತು. ಕಡೆಗೆ ೧೯೯೦ರಲ್ಲಿ ಆ ಗಣಿಯನ್ನು ನಿಲ್ಲಿಸಿದರು. ಕುಗ್ಗಿದ್ದ ಊಟೆಯು ಮೆಲ್ಲಮೆಲ್ಲನೆ ಚೇತರಿಸಿಕೊಂಡಿತು.

ಗಣಿಯಿಂದ ದೊರೆಯುವ ಲಾಭವು ಸಣ್ಣದಾಗಿರಲಿಲ್ಲ. ಅದನ್ನು ನಂಬಿ ಬದುಕುವ ಸಂಸಾರಗಳೂ ಇದ್ದವು. ಆದರೂ ಒಮ್ಮೆ ಬತ್ತಿದ ಊಟೆಯನ್ನು ಮರಳಿ ಹುಟ್ಟಿಸುವ ಯಂತ್ರವು ಯಾರಲ್ಲಿಯೂ ಇಲ್ಲ. ದಡವನ್ನು ಚೊಕ್ಕಟವಾಗಿಟ್ಟ ಮಾತ್ರಕ್ಕೆ ಕೆರೆಯು ಉಳಿಯದು. ನೀರು ಎಲ್ಲಿಂದ ಬರುವುದೋ ಅಲ್ಲಿಯೂ ಕಾವಲಿರಬೇಕು.