ಅಪ್ಪನಿಗೆ ಹೇಳಬೇಡಿ ಎನ್ನುವ ಮೊದಲು

ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಂಥ ಊರಿನಲ್ಲಿ ಕಿದ್ವಾಯಿ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹತ್ತಿ ಬೆಂಗಳೂರಿನ ಆ ಕ್ಯಾನ್ಸರ್ ಆಸ್ಪತ್ರೆಗೆ ಹೊರಟ ಎಷ್ಟೋ ಹಿರಿಯರಿಗೆ ಮನೆಯವರು ಹೇಳಿರುವುದು ಇಷ್ಟೇ: ‘ಏನಿಲ್ಲ, ಸಣ್ಣ ಗಡ್ಡೆ. ಕರೆಂಟ್ ಕೊಟ್ರೆ ಕರಗುತ್ತಂತೆ.’ ಡಾಕ್ಟರ ಕೋಣೆಗೆ ಮಗನೋ ಅಳಿಯನೋ ಮುಂಚೆಯೇ ಹೋಗಿ ಕೈಮುಗಿದಿರುತ್ತಾನೆ: ‘ಅಪ್ಪಂಗೆ ಹೇಳ್ಬೇಡಿ ಸಾರ್, ಎದೆ ಒಡ್ಕೊಂಡ್ಬಿಡ್ತಾರೆ.’

ಈ ಬೇಡಿಕೆಯ ಹಿಂದೆ ಇರುವುದು ಪ್ರೀತಿ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವವರು ನಮ್ಮ ಮನೆಗಳನ್ನು ಅರಿತವರಲ್ಲ. ಆದರೆ ಪ್ರೀತಿಯಿಂದ ಮುಚ್ಚಿಟ್ಟರೂ ಮುಚ್ಚಿಟ್ಟದ್ದೇ. ಕ್ಯಾನ್ಸರ್ ಬಂದವರ ಮನಸ್ಸಿಗೆ ಮೊದಲು ಬೇಕಾದದ್ದು ಧೈರ್ಯದ ಮಾತಲ್ಲ, ತಮ್ಮ ಭಯವನ್ನು ಆಡಿಕೊಳ್ಳಲು ಒಂದು ಜಾಗ. ಸುದ್ದಿಯನ್ನು ಮರೆಮಾಚುವ ಮನೆ ಆ ಜಾಗವನ್ನೇ ಮುಚ್ಚುತ್ತದೆ.

ಮುಚ್ಚಿಟ್ಟರೆ ಗೊತ್ತಾಗುವುದಿಲ್ಲವೇ? ವಾರ್ಡಿನ ಅಕ್ಕಪಕ್ಕದ ಹಾಸಿಗೆಗಳು ಹೇಳುತ್ತವೆ, ಕೀಮೋಗೆ ಉದುರುವ ಕೂದಲು ಹೇಳುತ್ತದೆ, ತಾವು ಬಂದೊಡನೆ ತಗ್ಗುವ ಫೋನಿನ ದನಿ ಹೇಳುತ್ತದೆ. ಜೇನುಕಲ್ಲು ಸಿದ್ದೇಶ್ವರನಿಗೆ ಹರಕೆ ಕಟ್ಟಿಕೊಂಡ ಸೊಸೆ ಯಾತಕ್ಕೆಂದು ಬಾಯಿಬಿಡದಿದ್ದರೂ ಮಾವನಿಗೆ ಅರ್ಥವಾಗುತ್ತದೆ. ಆಗ ಅವರೂ ನಟಿಸತೊಡಗುತ್ತಾರೆ, ಮಕ್ಕಳು ನೊಂದುಕೊಳ್ಳಬಾರದೆಂದು. ಒಂದೇ ಸೂರಿನಡಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ರಾತ್ರಿ ನಿದ್ದೆ ಬಾರದ ಮನುಷ್ಯ ತುಂಬಿದ ಮನೆಯಲ್ಲೇ ಒಂಟಿಯಾಗುತ್ತಾನೆ. ತೋಟವನ್ನು ಯಾರ ಹೆಸರಿಗೆ ಮಾಡಬೇಕು, ಸೊಸೈಟಿ ಸಾಲ ಹೇಗೆ ತೀರಿಸಬೇಕು, ಮುನಿಸಿಕೊಂಡ ತಮ್ಮನನ್ನು ಕರೆಸಿ ಮಾತಾಡಬೇಕೇ ಎಂಬ ತೀರ್ಮಾನಗಳೂ ಅವನ ಕೈತಪ್ಪುತ್ತವೆ.

‘ಎದೆಗುಂದಿದರೆ ಕಾಯಿಲೆ ಹೆಚ್ಚುತ್ತದೆ’ ಎಂಬ ಹೆದರಿಕೆ ಮುಚ್ಚಿಡುವವರ ದೊಡ್ಡ ವಾದ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಬಾಯಿ, ಗಂಟಲು ಸೇರಿದಂತೆ ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 1,093 ಮಂದಿಯನ್ನು ಕುರಿತು ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮನಸ್ಸು ಗಟ್ಟಿಯಾಗಿದ್ದವರು ಹೆಚ್ಚು ಕಾಲ ಬದುಕಿದರು ಎನ್ನಲು ಅದರಲ್ಲಿ ಆಧಾರ ಸಿಗಲಿಲ್ಲ. ಮನಸ್ಸಿಗೆ ಬೆಲೆಯಿಲ್ಲ ಎಂದು ಇದರರ್ಥವಲ್ಲ. ಊಟ, ನಿದ್ದೆ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡದೆ ಮುಗಿಸುವ ಛಲ, ಉಳಿದ ದಿನಗಳ ನೆಮ್ಮದಿ, ಎಲ್ಲಕ್ಕೂ ಮನಸ್ಸು ಬೇಕು. ಆದರೆ ಅತ್ತದ್ದರಿಂದ ಗಡ್ಡೆ ಬೆಳೆಯುವುದಿಲ್ಲ. ‘ಧೈರ್ಯವಾಗಿರಿ, ಗೆದ್ದು ಬನ್ನಿ’ ಎಂದು ಹರಸುವವರು ಇದನ್ನು ನೆನಪಿಡಬೇಕು. ಬದುಕಿದವರು ಗೆದ್ದವರಾದರೆ ಸತ್ತವರು ಸೋತವರಾಗುತ್ತಾರೆ. ಆ ಹೊರೆ ರೋಗಿಯ ತಲೆಯ ಮೇಲೆ ಬೇಡ.

‘ನೇರವಾಗಿ ಹೇಳುವುದು ಪಶ್ಚಿಮದವರ ಪದ್ಧತಿ, ನಮ್ಮದಲ್ಲ’ ಎಂಬ ಮಾತೂ ಇದೆ. ಆದರೆ 1961ರಲ್ಲಿ ಅಮೆರಿಕದ ವೈದ್ಯರನ್ನೇ ಕೇಳಿದಾಗ ಸುಮಾರು ಶೇ 90 ಮಂದಿ, ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಒಳ್ಳೆಯದು ಎಂದಿದ್ದರು. 1979ರ ಸಮೀಕ್ಷೆಯಲ್ಲಿ ಶೇ 97 ಮಂದಿ ಹೇಳಬೇಕು ಎಂದರು. ಅಷ್ಟರಲ್ಲಿ ಚಿಕಿತ್ಸೆ ಸುಧಾರಿಸಿತ್ತು, ರೋಗಿಯ ಹಕ್ಕಿನ ಬಗ್ಗೆ ಅರಿವು ಬೆಳೆದಿತ್ತು. ಮೌನ ಯಾವ ಸಂಸ್ಕೃತಿಯ ಹುಟ್ಟುಗುಣವೂ ಅಲ್ಲ. ಕನ್ನಡದಲ್ಲೇ ಬಿ.ವಿ. ಭಾರತಿಯವರು ತಮ್ಮ ಸ್ತನ ಕ್ಯಾನ್ಸರಿನ ದಿನಗಳನ್ನು ‘ಸಾಸಿವೆ ತಂದವಳು’ ಪುಸ್ತಕದಲ್ಲಿ ಬರೆದರು, ಜನ ಓದಿದರು. ಈ ಮಾತನ್ನು ಕೇಳಿಸಿಕೊಳ್ಳುವ ಶಕ್ತಿ ನಮಗಿದೆ.

ಹಾಗೆಂದು ಎಲ್ಲರಿಗೂ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡಬೇಕೆ? ಖಂಡಿತ ಬೇಡ. ‘ನನಗೇನೂ ಹೇಳಬೇಡಿ, ಮಗನ ಹತ್ತಿರ ಮಾತಾಡಿ’ ಎನ್ನುವ ತಾಯಂದಿರಿದ್ದಾರೆ. ಅದೂ ಅವರದೇ ತೀರ್ಮಾನ, ಅದನ್ನು ಗೌರವಿಸಬೇಕು. ಅವರನ್ನು ಕೇಳದೆಯೇ ಅವರ ಪರವಾಗಿ ನಾವು ತೀರ್ಮಾನಿಸುವುದು ಬೇರೆ. ‘ಅಮ್ಮ, ಡಾಕ್ಟರು ಹೇಳಿದ್ದನ್ನು ಪೂರ್ತಿ ತಿಳ್ಕೊಬೇಕು ಅನ್ಸುತ್ತಾ, ಇಲ್ಲ ನಾವು ನೋಡ್ಕೊಳ್ಳೋಣ್ವಾ?’ ಎಂದು ಕೇಳಿದರೆ ಉತ್ತರ ಅವರೇ ಕೊಡುತ್ತಾರೆ. ಇಂದು ಬೇಡ ಎಂದವರು ತಿಂಗಳ ನಂತರ ತಾವೇ ಕೇಳಬಹುದು. ಆಗ ಸುಳ್ಳು ಹೇಳದಿದ್ದರೆ ಸಾಕು. ಮೊದಲು ನಿರಾಕರಣೆ, ಆಮೇಲೆ ಸಿಟ್ಟು, ಕೊನೆಗೆ ಒಪ್ಪಿಗೆ ಎಂದು ಮನಸ್ಸು ಮೆಟ್ಟಿಲು ಲೆಕ್ಕ ಹಿಡಿದು ನಡೆಯುವುದಿಲ್ಲ. ಬೆಳಿಗ್ಗೆ ಒಪ್ಪಿಕೊಂಡವರು ಸಂಜೆ ‘ನನಗೇ ಯಾಕೆ ಬಂತು’ ಎಂದು ಅಳುವುದು ಸಹಜ.

ದುಃಖ ಸಹಜವಾದರೂ ವಾರಗಟ್ಟಲೆ ನಿದ್ದೆ, ಊಟ ಬಿಟ್ಟು, ಬದುಕೇ ಬೇಡ ಎನ್ನತೊಡಗಿದರೆ ಅದು ಖಿನ್ನತೆ ಇರಬಹುದು. ಖಿನ್ನತೆಗೆ ಔಷಧವಿದೆ, ಆಪ್ತ ಸಮಾಲೋಚನೆಯಿದೆ. 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಳ್ಳಿಯಿಂದಲೇ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು, ಖರ್ಚಿಲ್ಲ. ಕಾಯಿಲೆ ಗುಣವಾಗುವ ಹಂತ ಮೀರಿದ್ದರೆ ಬೆಂಗಳೂರಿನ ಕರುಣಾಶ್ರಯದಂಥ ಕಡೆ ನೋವು ತಗ್ಗಿಸುವ ಆರೈಕೆ ಉಚಿತವಾಗಿ ಸಿಗುತ್ತದೆ. ಆದರೆ ಮನೆಯವರು ಮುಚ್ಚಿಟ್ಟಷ್ಟು ಕಾಲ ಈ ಬಾಗಿಲುಗಳನ್ನು ತಟ್ಟುವುದು ಕಷ್ಟ. ಇಲ್ಲದ ಕಾಯಿಲೆಗೆ ಸಾಂತ್ವನ ಕೇಳುವುದು ಹೇಗೆ?

ಆದ್ದರಿಂದ ಡಾಕ್ಟರ ಮುಂದೆ ಕೈಮುಗಿದು ‘ಹೇಳಬೇಡಿ’ ಎನ್ನುವ ಮೊದಲು ಅಪ್ಪನ ಪಕ್ಕ ಕೂತು ಕೇಳಿ. ಕಾಯಿಲೆ ಅವರ ಮೈಯದು. ಅದರ ಬಗ್ಗೆ ಎಷ್ಟು ತಿಳಿಯಬೇಕು, ಯಾರ ಮುಂದೆ ಅಳಬೇಕು ಎಂದು ತೀರ್ಮಾನಿಸುವ ಅಧಿಕಾರವೂ ಅವರದೇ.