ಯಾರಿಗೆ ಯಾರು ‘ಉಪ’?



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕು ಸೇರಿದರೆ ಪಾಂಡವಪುರ ಉಪವಿಭಾಗ. ಅದರ ಮುಖ್ಯಸ್ಥರನ್ನು ಒಂದು ಕಾಗದ ‘ಉಪವಿಭಾಗಾಧಿಕಾರಿ’ ಅನ್ನುತ್ತದೆ, ಇನ್ನೊಂದು ‘ಸಹಾಯಕ ಆಯುಕ್ತರು’ ಅನ್ನುತ್ತದೆ, ಮತ್ತೊಂದರಲ್ಲಿ ‘ಉಪವಿಭಾಗೀಯ ದಂಡಾಧಿಕಾರಿ’. ಜನ ಇಷ್ಟನ್ನೂ ಬದಿಗಿಟ್ಟು ‘ಏಸಿ ಸಾಹೇಬ್ರು’ ಅಂತಾರೆ. ತಪ್ಪು ಜನರದೇ?

‘ಸಹಾಯಕ’ ಅಂದರೆ ನಮ್ಮ ಕಡೆ ಕೈಯಾಳು. ‘ಉಪ’ ಅಂದರೆ ಎರಡನೆಯವನು. ಆದರೆ ಖಾತೆ ಬದಲಾವಣೆಯಲ್ಲಿ ತಹಶೀಲ್ದಾರರ ಆದೇಶ ತಪ್ಪಾಗಿದೆ ಎಂದರೆ ರೈತ ಹೋಗಬೇಕಾದ್ದು ಈ ‘ಸಹಾಯಕ’ರ ಮುಂದೆಯೇ! 1964ರ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನಡಿ ಮೇಲ್ಮನವಿ ಕೇಳುವವರು ಇವರು, ಆಮೇಲೆ ಜಿಲ್ಲಾಧಿಕಾರಿ. ಹೆಸರು ನೋಡಿ, ಸಹಾಯಕರು ತಹಶೀಲ್ದಾರರಿಗಿಂತ ಕೆಳಗಿನವರೆಂದು ತಿಳಿದವನು ಗಡುವು ಕಳೆದುಕೊಂಡರೆ ಹೋಗುವುದು ಅವನ ಜಮೀನು. ಅನುವಾದ ಮಾಡಿದವನ ಸಂಬಳ ಹೋಗುವುದಿಲ್ಲ.

ಇದು ಕನ್ನಡದ ಬಡತನವಲ್ಲ. ಇಂಗ್ಲಿಷಿನ ಏಣಿಯನ್ನು ಹಾಗೆಯೇ ಹೊತ್ತು ತಂದು ನಿಲ್ಲಿಸಿದ ಸೋಮಾರಿತನ. ಡೆಪ್ಯುಟಿ ಕಮಿಷನರ್ ಅನ್ನುವಲ್ಲಿ ‘ಡೆಪ್ಯುಟಿ’ಯನ್ನು ಕೈಬಿಟ್ಟು ‘ಜಿಲ್ಲಾಧಿಕಾರಿ’ ಅಂದರು. ಒಳ್ಳೆಯ ಮಾತು, ಕೆಲಸ ಏನೆಂದು ತಿಳಿಯುತ್ತದೆ. ನಾಡಕಚೇರಿಯ ಡೆಪ್ಯುಟಿ ತಹಶೀಲ್ದಾರರು ಮಾತ್ರ ‘ಉಪ ತಹಶೀಲ್ದಾರ್’ ಆಗಿಯೇ ಉಳಿದರು. ಸಬ್ ರಿಜಿಸ್ಟ್ರಾರ್ ‘ಉಪನೋಂದಣಾಧಿಕಾರಿ’, ವೈಸ್ ಪ್ರೆಸಿಡೆಂಟ್ ‘ಉಪಾಧ್ಯಕ್ಷ’. ಡೆಪ್ಯುಟಿ, ಸಬ್, ವೈಸ್ ಮೂರನ್ನೂ ಒಂದೇ ಮೂಟೆಗೆ ತುಂಬಿದ್ದಾರೆ. ನಿಮ್ಮ ಕ್ರಯಪತ್ರ ನೋಂದಾಯಿಸುವವರು ಯಾರು? ಆ ‘ಉಪ’ದವರೇ ಅಲ್ಲವೇ?

ಅಸಲಿಗೆ ಸಂಸ್ಕೃತದ ‘ಉಪ’ಕ್ಕೆ ಮೊದಲ ಅರ್ಥ ‘ಹತ್ತಿರ’. ಉಪನಯನ ಅಂದರೆ ಗುರುವಿನ ಹತ್ತಿರಕ್ಕೆ ಕರೆದೊಯ್ಯುವುದು; ಅಲ್ಲಿ ಕೀಳರಿಮೆಯ ಸುಳಿವೂ ಇಲ್ಲ. ಲೋಕಪಾವನಿ ಕಾವೇರಿಗೆ ಉಪನದಿ, ಹೇಮಾವತಿಯೂ ಉಪನದಿ. ಕೆ.ಆರ್. ಪೇಟೆಯಲ್ಲಿ ನಿಂತು ಹೇಮಾವತಿ ಕೀಳು ನದಿ ಅಂದು ನೋಡಿ, ಏನಾಗುತ್ತದೆಂದು! ಪದ ಕೆಟ್ಟದ್ದಲ್ಲ, ಕಚೇರಿ ಅದನ್ನು ಕುರ್ಚಿಯ ಎತ್ತರ ಅಳೆಯಲು ಬಳಸಿ ಕೆಡಿಸಿದೆ.

ಹಾಗಾದರೆ ಮಾಡಬೇಕಾದ್ದೇನು? ‘ಸಹಾಯಕ ಆಯುಕ್ತ’ ಕಡತದಿಂದ ತೊಲಗಲಿ. ಒಂದು ಹುದ್ದೆಗೆ ಒಂದೇ ಹೆಸರಿರಲಿ. ಜಿಲ್ಲಾಧಿಕಾರಿಯ ಹಾಗೆ ‘ಉಪವಿಭಾಗಾಧಿಕಾರಿ’ ಸಾಕು. ತಹಶೀಲ್ದಾರರ ಪ್ರತಿ ಆದೇಶದ ಕೊನೆಯಲ್ಲಿ, ಒಪ್ಪಿಗೆಯಿಲ್ಲದವರು ಎಷ್ಟು ದಿನದೊಳಗೆ ಪಾಂಡವಪುರದ ಯಾವ ಕಚೇರಿಗೆ ಹೋಗಬೇಕೆಂದು ದಪ್ಪಕ್ಷರದಲ್ಲಿ, ನಾಗಮಂಗಲದ ಅಜ್ಜಿಗೂ ಅರ್ಥವಾಗುವ ಕನ್ನಡದಲ್ಲಿ ಬರೆಯಲಿ. ಮುಂದಿನ ಸಲ ತಾಲ್ಲೂಕು ಕಚೇರಿಗೆ ಹೋದಾಗ ಕೈಗೆ ಬಂದ ಆದೇಶದಲ್ಲಿ ಆ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು ಕೇಳಿ.